ಮೊದಲ ಸಲ ಆಡಿದ ಮಾತು

ನನ್ನ ಸೊಸೆ ವಾರಿಜ ಇಂಗ್ಲಿಷ್ ಪರೀಕ್ಷೆಗೆ ಮೊದಲ ಬಾರಿ ಕೂತು ಬಂದ ದಿನ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೂ ಬಾಯಿ ಬಿಡಲಿಲ್ಲವಂತೆ. ಕರೆದುಕೊಂಡು ಬಂದ ನನ್ನ ಮಗ ಮುರಳೀಧರ ಸ್ಕೂಟರ್ ನಿಲ್ಲಿಸಿ, ಏನೂ ಕೇಳಬೇಡ ಎಂದು ಕಣ್ಣಲ್ಲೇ ಹೇಳಿದ. ನಾನು ಕೇಳಲಿಲ್ಲ. ಅವಳು ಕೈಕಾಲು ತೊಳೆದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಎರಡು ತಟ್ಟೆ ಚಿತ್ರಾನ್ನ ತಿಂದಳು. ಆಮೇಲೆ ತಾನಾಗಿಯೇ ಹೇಳಿದಳು.

"ಅತ್ತೆ, ಆ ಪರೀಕ್ಷಕರ ಎದುರಿಗೆ ಹೊಟ್ಟೆ ಹಸೀತಿದೆ ಅಂದ್ಬಿಟ್ಟೆ."

ಮಾತಾಡುವ ಪರೀಕ್ಷೆಯಲ್ಲಿ ಒಂದು ಸಣ್ಣ ಕೋಣೆ, ಒಂದು ಮೇಜು, ಎದುರಿಗೆ ಒಬ್ಬ ಪರೀಕ್ಷಕ. ಅವನು ಹೆಸರು ಕೇಳಿದ. ಇವಳು ಶುದ್ಧವಾದ ಇಂಗ್ಲಿಷಿನಲ್ಲಿ, "ಹಸಿವಿನಿಂದ ಪ್ರಾಣ ಹೋಗುತ್ತಿದೆ, ಇದು ಯಾವಾಗ ಮುಗಿಯುತ್ತದೋ" ಎಂದು ಹೇಳಿ, ಆಮೇಲೆ ವಿನಯದಿಂದ ಹೆಸರು ಹೇಳಿದಳು. ಯಾವ ಊರು ಎಂದು ಕೇಳಿದ. ಇವಳು ಮೊದಲು, "ಈ ಪುಣ್ಯಾತ್ಮನ ಟೈ ಯಾಕೆ ಹೀಗೆ ಸೊಟ್ಟಗಿದೆ" ಎಂದು, ಆಮೇಲೆ ಊರಿನ ಹೆಸರು ಹೇಳಿದಳು. ಅವನು ಟೈ ಸರಿಮಾಡಿಕೊಂಡ. ತನ್ನ ಮಾತು ಮೊದಲ ಸಲಕ್ಕೇ ಕೇಳಿಸುತ್ತಿದೆ ಎಂದು ಇವಳಿಗೆ ಗೊತ್ತಾಗಿದ್ದು ಆಗ. ಅಲ್ಲಿಂದ ಮುಂದೆ ಹೌದು, ಇಲ್ಲ ಬಿಟ್ಟು ಬೇರೇನೂ ಬಾಯಿಂದ ಹೊರಡಲಿಲ್ಲ.

ನಮ್ಮೂರಲ್ಲಿ ಯಾರೇ ಆಗಲಿ ಮೊದಲ ಸಲ ಆಡಿದ ಮಾತು ಎದುರಿನವರಿಗೆ ಕೇಳಿಸುವುದಿಲ್ಲ. ಎರಡನೇ ಸಲ ಆಡಿದ್ದು ಕೇಳಿಸುತ್ತದೆ. ಹುಟ್ಟಿದಂದಿನಿಂದ ನಮಗೆ ಇದೇ ರೂಢಿ. ಹಾಲಿನವನು ಎರಡು ಸಲ ಕೂಗುತ್ತಾನೆ. ಮೇಷ್ಟ್ರು ಮಗ್ಗಿಯನ್ನು ಎರಡು ಸಲ ಹೇಳಿಕೊಡುತ್ತಾರೆ. ಮದುವೆಗಳಲ್ಲಿ ಪುರೋಹಿತರು ಮಂತ್ರವನ್ನೆಲ್ಲ ಎರಡು ಸಲ ಹೇಳುವುದರಿಂದ ಊಟಕ್ಕೆ ಕೂರುವಾಗ ಮೂರು ಗಂಟೆ ದಾಟಿರುತ್ತದೆ. ರೇಡಿಯೊದವರು ಹೇಳಿದ್ದನ್ನು ತಿರುಗಿ ಹೇಳುವುದಿಲ್ಲವಾದ್ದರಿಂದ ರೇಡಿಯೊ ನಮ್ಮಲ್ಲಿ ಬಾಳಲಿಲ್ಲ. ಹೇಗೂ ಕೇಳಿಸದ ಮಾತಲ್ಲವೇ ಎಂದು ಜನ ಮೊದಲ ಸಲ ಮನಸ್ಸಿಗೆ ಬಂದದ್ದನ್ನು ಆಡಿ ಹಗುರಾಗುತ್ತಾರೆ, ಎರಡನೇ ಸಲ ಆಡಬೇಕಾದ್ದನ್ನು ಆಡುತ್ತಾರೆ. ಒಬ್ಬರು ಮೊದಲ ಮಾತು ಆಡುವಾಗ ಅವರ ತುಟಿ ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ನೆಲ ನೋಡಬೇಕು. ಹೊರಗಿನಿಂದ ಬಂದವರು ಈ ಊರಿನ ಜನ ಎಷ್ಟು ವಿನಯವಂತರು, ಮಾತಿಗೊಮ್ಮೆ ತಲೆ ತಗ್ಗಿಸುತ್ತಾರೆ ಎಂದು ಹೊಗಳಿ ಹೋಗುತ್ತಾರೆ. ನಾನು ಇಲ್ಲಿ ಬರೆಯುವ ನಮ್ಮೂರ ಮಾತುಗಳೆಲ್ಲ ಎರಡನೇ ಸಲದವು. ಬೇರೆಯದಿದ್ದರೆ ಹೇಳುತ್ತೇನೆ.

ಊರ ಗಡಿ ದಾಟಿದರೆ ಈ ಸೌಕರ್ಯ ಇಲ್ಲ. ಅದು ಎಲ್ಲರಿಗೂ ಗೊತ್ತಿರುವುದೇ, ವಾರಿಜಳಿಗೂ ಗೊತ್ತಿತ್ತು. ಆದರೆ ನಾಲಿಗೆಗೆ ಗೊತ್ತಿರಬೇಕಲ್ಲ. ಕಿವಿಯದೂ ಅದೇ ಕಥೆ. ಕೇಳುವ ಪರೀಕ್ಷೆಯಲ್ಲಿ ಧ್ವನಿಯನ್ನು ಒಂದೇ ಸಲ ಹಾಕುತ್ತಾರೆ. ಹೆಡ್‌ಫೋನಿನಲ್ಲಿ ಯಾರೋ ಹೆಂಗಸು ಮನೆ ಬಾಡಿಗೆ ವಿಚಾರ ಮಾತಾಡಲು ಶುರುಮಾಡಿದಾಗ, ಇವಳು ಆರಾಮವಾಗಿ ಕೂತು ಪೆನ್ಸಿಲ್ ಚೂಪು ನೋಡುತ್ತಿದ್ದಳಂತೆ. ಎರಡನೇ ಸಲ ಬರಲಿ, ಬರೆಯೋಣ ಎಂದು. ಸುತ್ತಲಿನವರು ಪುಟ ಮಗುಚಿದರು.

ಓದುವುದರಲ್ಲೂ ಬರೆಯುವುದರಲ್ಲೂ ಅವಳಿಗೆ ಬೇಕಾದ ಅಂಕ ಬಂದಿತ್ತು. ಒಂಬತ್ತಕ್ಕೆ ಕೇಳುವುದರಲ್ಲಿ ನಾಲ್ಕೂವರೆ, ಮಾತಾಡುವುದರಲ್ಲಿ ಐದು. ಹೊರದೇಶದ ಆಸ್ಪತ್ರೆಯವರು ಎಲ್ಲದರಲ್ಲೂ ಏಳು ಕೇಳುತ್ತಿದ್ದರು.

ಅವಳಿಗೆ ಆಗ ಮೂವತ್ತೊಂಬತ್ತು. ನಮ್ಮೂರ ಹೆರಿಗೆ ಆಸ್ಪತ್ರೆಯಲ್ಲಿ ಹದಿನೇಳು ವರ್ಷದಿಂದ ನರ್ಸು. ಮುರಳೀಧರ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದಾನೆ. ಮೌನಿ. ಹೆಂಡತಿ ಹೋಗುತ್ತೇನೆಂದಾಗ ಎರಡು ದಿನ ಯೋಚಿಸಿ, "ಹೋಗಿ ನೋಡು. ಸರಿ ಹೋದ್ರೆ ಆಮೇಲೆ ನಾನೂ ಬಂದು ಹೋಗಿ ಮಾಡ್ತೀನಿ" ಎಂದ. ಇನ್ನು ನಾನು, ಚಂದ್ರಮತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರಾಗಿದ್ದು ನಿವೃತ್ತಳಾದವಳು. ಮನೆಯಲ್ಲಿ ಇಂಗ್ಲಿಷ್ ಮಾತು ಕಿವಿಗೆ ಬಿದ್ದು ಅಭ್ಯಾಸವಿರುವುದು ನನಗೊಬ್ಬಳಿಗೇ.

ಒಂದು ವಾರ ಕಳೆದ ಮೇಲೆ ವಾರಿಜ ನನ್ನ ಮುಂದೆ ಬಂದು ನಿಂತಳು. ಅವಳ ಮೊದಲ ಮಾತಿಗೆ ನಾನು ಪದ್ಧತಿಯಂತೆ ನೆಲ ನೋಡಿದೆ. ಎರಡನೆಯದು ಹೀಗಿತ್ತು: "ಅತ್ತೆ, ಊರಾಚೆ ಸುಂಕದ ಚೌಕಿ ಹತ್ರ ದಿನಾ ಬೆಳಿಗ್ಗೆ ಒಂದು ಗಂಟೆ ನನ್ನ ಜೊತೆ ಕೂತ್ಕೋತೀರಾ? ನೀವು ಪರೀಕ್ಷಕರಾಗಿ."

ನಾನು ಮೊದಲ ಸಲ, "ಹೋಗೋ ಹುಚ್ಚು ನಿಂದು, ಮಂಡಿ ನೋವು ನಂದು" ಎಂದೆ. ಎರಡನೇ ಸಲ, "ಆಗ್ಲಮ್ಮ" ಎಂದೆ.

ಸುಂಕದ ಚೌಕಿ ಎಂದರೆ ಹಿಂದೆ ಗಾಡಿಗಳನ್ನು ನಿಲ್ಲಿಸಿ ಸುಂಕ ವಸೂಲಿ ಮಾಡುತ್ತಿದ್ದ ಒಂದು ಕೋಣೆ. ಈಗ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಮುಂದೆ ಎರಡು ಕಲ್ಲುಬೆಂಚು. ಗಡಿಕಲ್ಲಿನಿಂದ ಇಪ್ಪತ್ತು ಹೆಜ್ಜೆ ಆಚೆಗೆ. ಮೊದಲ ದಿನ ಗಡಿಕಲ್ಲು ದಾಟುತ್ತಿದ್ದಂತೆ ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದ ಅತ್ತೆ ಸೊಸೆ ಮೊಟ್ಟಮೊದಲ ಬಾರಿ ಇಬ್ಬರೇ ಊರಾಚೆ ಬಂದಿದ್ದೆವು. ನಮ್ಮ ಮನೆಯಲ್ಲಿ ಜೋರು ಮಾತು ಒಂದು ದಿನವೂ ಬಂದದ್ದಿಲ್ಲ, ಕೇರಿಯವರೆಲ್ಲ ನಮ್ಮನ್ನು ತೋರಿಸಿ ಹೊಗಳುತ್ತಿದ್ದರು. ಅದು ಯಾವುದರ ಪುಣ್ಯ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಾಗಾಗಿ ಮೊದಲ ವಾರ ಬರೀ ಕೇಳುವ ಅಭ್ಯಾಸವನ್ನೇ ಮಾಡಿದೆವು. ಅವಳ ಫೋನಿನಲ್ಲಿ ಹಳೇ ಪ್ರಶ್ನೆಪತ್ರಿಕೆಗಳ ಧ್ವನಿ ಇತ್ತು. ಅವಳು ಮೊದಲನೇ ವಾಕ್ಯಕ್ಕೇ ಎಡವುತ್ತಿದ್ದಳು. ಒಂದು ಪದ ತಪ್ಪಿತೆಂದರೆ ಅದನ್ನೇ ಹುಡುಕಿಕೊಂಡು ಕೂರುತ್ತಿದ್ದಳು, ಅಷ್ಟರಲ್ಲಿ ಮುಂದಿನ ಮೂರು ಉತ್ತರ ಕೈ ತಪ್ಪಿರುತ್ತಿದ್ದವು.

ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಆಪರೇಟರ್ ತರಬೇತಿಗೆ ಆರು ತಿಂಗಳು ಹೊರಗೆ ಹೋಗಿದ್ದೆ. ಅಲ್ಲಿ ಪಿಂಟೊ ಮೇಡಂ ಎಂಬುವರಿದ್ದರು. ನಾನು ಪ್ರತಿ ನಂಬರಿಗೂ "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದುದನ್ನು ನೋಡಿ ಅವರು ನನ್ನ ಕಿವಿ ಹಿಂಡಲಿಲ್ಲ, ಬೇರೆ ಒಂದು ಕೆಲಸ ಕೊಟ್ಟರು. ಅದನ್ನೇ ನಾನು ವಾರಿಜಳಿಗೆ ಕೊಟ್ಟೆ. ಬೆಂಚಿನ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಲಾರಿಗಳ ನಂಬರನ್ನು ನಾನು ಇಂಗ್ಲಿಷಿನಲ್ಲಿ ಒಂದೇ ಸಲ ಓದುವುದು, ಅವಳು ಬರೆಯುವುದು. ತಪ್ಪಿಹೋದರೆ ಅಲ್ಲಿ ಒಂದು ಗೆರೆ ಎಳೆದು ಮುಂದಿನ ಲಾರಿಗೆ ಸಿದ್ಧವಾಗುವುದು.

"ಹೋದ ಲಾರಿ ಹಿಂದೆ ಓಡ್ತೀಯಾ?" ಎಂದೆ.

"ಇಲ್ಲ."

"ಹಾಗೇ ಇದೂ. ಗೆರೆ ಎಳಿ, ಮುಂದಕ್ಕೆ ನೋಡು. ಹೇಳೋರೂ ತಪ್ಪು ಮಾಡ್ತಾರೆ. ಹದಿನೈದು ಅಂತಾರೆ, ಅಯ್ಯೋ ಅಲ್ಲ ಐವತ್ತು ಅಂತಾರೆ. ಆ ಅಯ್ಯೋಗೆ ಕಾಯ್ತಾ ಇರ್ಬೇಕು."

ಹತ್ತು ದಿನದಲ್ಲಿ ಅವಳ ಹಾಳೆಯಲ್ಲಿ ಗೆರೆಗಳು ಕಡಿಮೆಯಾದವು. ಆಗ ಮಾತಾಡುವ ಅಭ್ಯಾಸಕ್ಕೆ ಕೈ ಹಾಕಲೇಬೇಕಾಯಿತು.

ಆ ಪರೀಕ್ಷೆಯಲ್ಲಿ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಒಂದು ವಿಷಯ. ಒಂದು ನಿಮಿಷ ಯೋಚಿಸಿ, ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು. ಆಮೇಲೆ ಪರೀಕ್ಷಕ ಅದರ ಮೇಲೆ ಇನ್ನಷ್ಟು ಕೇಳುತ್ತಾನೆ. ನಾನು ಕೈಗಡಿಯಾರ ಬಿಚ್ಚಿ ಬೆಂಚಿನ ಮೇಲಿಟ್ಟುಕೊಂಡೆ. ಇಂಗ್ಲಿಷಿನಲ್ಲೇ ನಡೆಯಬೇಕೆಂದು ಕರಾರಾಯಿತು. ಮೊದಲ ಎರಡು ಚೀಟಿಗೆ ಅವಳು ನಲವತ್ತು ಸೆಕೆಂಡಿಗೇ ಒಣಗಿದಳು. ಮೂರನೆಯದು: ನಿಮ್ಮ ಮನೆಯಲ್ಲಿ ನೀವು ಬದಲಾಯಿಸಲು ಇಚ್ಛಿಸುವ ಒಂದು ಸಂಗತಿ.

ಅವಳು ಗೋಡೆಗೆ ಹೊಸ ಬಣ್ಣದ ವಿಚಾರ ಹೇಳಲು ಹೊರಟಿದ್ದಳು ಎಂದು ಆಮೇಲೆ ಹೇಳಿದಳು. ಆದರೆ ನಾಲಿಗೆ ಹಳೇ ದಾರಿಯಲ್ಲಿ ಹೋಯಿತು. "ನಮ್ಮ ಮನೆಯಲ್ಲಿ ನನ್ನ ಅತ್ತೆಯವರು ಬೆಳಗಿನ ಜಾವ ಐದಕ್ಕೆ ಏಳುತ್ತಾರೆ. ಎದ್ದು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತಾರೆ. ನನಗೆ ಎಚ್ಚರವಾಗಲಿ ಎಂದು. ನಾನು ಡ್ಯೂಟಿ ಮುಗಿಸಿ ಬಂದು ಎಷ್ಟು ಹೊತ್ತಿಗೆ ಮಲಗಿದೆ ಎಂದು ಅವರಿಗೆ ಲೆಕ್ಕವಿಲ್ಲ."

ಅಷ್ಟು ಹೇಳಿ ಗಕ್ಕನೆ ನಿಂತಳು. ಮಾತು ಇಂಗ್ಲಿಷಿನಲ್ಲಿತ್ತು, ವ್ಯಾಕರಣ ಸರಿಯಾಗಿತ್ತು, ನನಗೆ ಪೂರ್ತಿ ಕೇಳಿಸಿತ್ತು.

ಕನ್ನಡದಲ್ಲಾಗಿದ್ದರೆ ನಾನು ಎದ್ದು ಮನೆಗೆ ಹೋಗುತ್ತಿದ್ದೆ. ಆದರೆ ನಾನು ಆಗ ಪರೀಕ್ಷಕಿ. ಗಡಿಯಾರ ಓಡುತ್ತಿತ್ತು. ಅವಳ ಅಭ್ಯಾಸದ ಪುಸ್ತಕದಲ್ಲಿದ್ದಂತೆ ಮುಂದಿನ ಪ್ರಶ್ನೆ ಕೇಳಿದೆ. "ಅವರು ಹಾಗೆ ಮಾಡಲು ಕಾರಣವೇನಿರಬಹುದೆಂದು ನಿಮ್ಮ ಅಭಿಪ್ರಾಯ?"

ಅವಳು ಚೀಟಿ ಮಡಚಿ ನನ್ನ ಕಡೆ ತಿರುಗಿ ಕೂತಳು. "ನನಗೆ ತಿಳಿಯದು, ಮೇಡಂ. ಬಹುಶಃ ಅಡುಗೆಮನೆಯಲ್ಲಿ ಒಬ್ಬರೇ ಇರಲು ಅವರಿಗೆ ಬೇಸರವಾಗುತ್ತದೆ. ಮೂವತ್ತೊಂದು ವರ್ಷ ಕಿವಿಯಲ್ಲಿ ಸದಾ ಯಾರಾದರೂ ಮಾತಾಡುತ್ತಿದ್ದವರು ಅವರು."

ನಾನು ಪಾತ್ರೆ ಸದ್ದು ಮಾಡುತ್ತಿದ್ದುದು ಸೊಸೆಯನ್ನು ಎಬ್ಬಿಸಲಿಕ್ಕೇ ಎಂದು ನಾನೇ ನಂಬಿದ್ದೆ. ಅವಳು ಹೇಳಿದ ಮೇಲೆ ಯೋಚಿಸಿದರೆ ಅವಳು ಹೇಳಿದ್ದೇ ನಿಜ. ನಿವೃತ್ತಳಾದ ಮಾರನೇ ದಿನದಿಂದ ಅದು ಶುರುವಾಗಿತ್ತು.

"ಎರಡು ನಿಮಿಷ ಹತ್ತು ಸೆಕೆಂಡ್" ಎಂದೆ. "ಒಳ್ಳೇದಾಯ್ತು. ಮುಂದಿನ ಚೀಟಿ."

ಅವಳು ನಗಲು ಶುರುಮಾಡಿದಳು. ನನಗೂ ನಗು ಬಂತು.

ಅಲ್ಲಿಂದ ಅವಳ ಮಾತು ಬಿಚ್ಚಿಕೊಂಡಿತು. ಒಂದು ಪ್ರಶ್ನೆಗೆ ಮಾತ್ರ ಅವಳು ಪುಸ್ತಕದ ಉತ್ತರವನ್ನೇ ಒಪ್ಪಿಸುತ್ತಿದ್ದಳು. ಹೊರದೇಶದಲ್ಲಿ ಕೆಲಸ ಮಾಡಲು ಯಾಕೆ ಬಯಸುತ್ತೀರಿ? ಹೊಸ ಸಂಸ್ಕೃತಿ, ಹೊಸ ಅನುಭವ, ಉನ್ನತ ತಂತ್ರಜ್ಞಾನ ಎಂದು ಉಸಿರು ಬಿಡದೆ ಹೇಳುವಳು.

"ಇದು ಬಾಯಿಪಾಠ. ಆ ಪರೀಕ್ಷಕನಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. ನಿಜವಾದ್ದು ಹೇಳು" ಎಂದೆ ಒಂದು ದಿನ.

ಅವಳು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದಳು. "ಮಗು ಹುಟ್ಟಿದ ತಕ್ಷಣ ಅಳುತ್ತಲ್ಲ ಅತ್ತೆ, ಮೊದಲನೇದು. ಅದನ್ನ ನಾನು ಕೇಳೇ ಇಲ್ಲ. ಎರಡು ಸಾವಿರದ ಮೇಲೆ ಹೆರಿಗೆ ಮಾಡ್ಸಿದೀನಿ. ಮಗು ಬಾಯಿ ತೆಗೆಯುತ್ತೆ, ಎದೆ ಏಳುತ್ತೆ, ಏನೂ ಕೇಳ್ಸಲ್ಲ. ತಾಯಿ ನನ್ನ ಮುಖಾನೇ ನೋಡ್ತಾ ಇರ್ತಾಳೆ, ಸರಿಯಿದೆಯಾ ಸಿಸ್ಟರ್ ಅಂತ. ನಾನು ತಲೆ ಆಡಿಸ್ತೀನಿ. ಎರಡನೇದು ಕೇಳ್ಸೋವರೆಗೂ ನನ್ನ ಜೀವ ನನ್ನ ಕೈಲಿರಲ್ಲ. ಒಂದ್ಸಲ, ಒಂದೇ ಒಂದ್ಸಲ, ಆ ಮೊದಲನೇದನ್ನ ಕೇಳ್ಬೇಕು ಅತ್ತೆ. ಅದಕ್ಕೇ."

ನಾನು ಏನಾದರೂ ಹೇಳಬೇಕಾಗಿತ್ತು. ಅವಳ ಕೈ ಹಿಡಿದುಕೊಂಡು ಬಾಯಿ ತೆರೆದೆ. ಆ ಗಳಿಗೆಯಲ್ಲಿ ನಾನು ಎಲ್ಲಿದ್ದೇನೆ ಎಂಬುದು ಮರೆತುಹೋಯಿತು.

"ಹೋಗ್ಬೇಡ ಕಣೇ" ಎಂದೆ. ಆಮೇಲೆ, "ಇದನ್ನೇ ಹೇಳು ಅವರಿಗೆ, ತುಂಬಾ ಚೆನ್ನಾಗಿದೆ" ಎಂದೆ.

ಅವಳು ಎರಡನ್ನೂ ಕೇಳಿಸಿಕೊಂಡಳು. ಕೈ ಥಟ್ಟನೆ ಬಿಡಿಸಿಕೊಳ್ಳಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಗಡಿಕಲ್ಲಿನವರೆಗೂ ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು.

ಮಾರನೇ ದಿನ ಬೆಳಿಗ್ಗೆ ಅವಳು ಏಳಲಿಲ್ಲ. ತಲೆನೋವು ಎಂದಳು. ಅದರ ಮಾರನೇ ದಿನ ಡ್ಯೂಟಿ ಬೇಗ ಇದೆ ಎಂದಳು. ಮೂರನೇ ದಿನ ಪುಸ್ತಕಗಳು ಅಲಮಾರಿಯ ಮೇಲಿನ ಖಾನೆಗೆ ಹೋಗಿದ್ದವು. ಎರಡನೇ ಬಾರಿಯ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಮುರಳೀಧರ ನನ್ನ ಬಳಿ ಬಂದು, "ಪರೀಕ್ಷೆ ಬೇಡ ಅಂತಿದಾಳೆ. ಅಮ್ಮ, ಏನಾಯ್ತು?" ಎಂದು ಕೇಳಿದ. ಏನಿಲ್ಲಪ್ಪ ಎಂದೆ. ಅವನು ನಂಬಲಿಲ್ಲ.

ನಾನು ಬೇಡಿಕೊಂಡದ್ದು ನೆರವೇರುತ್ತಿತ್ತು. ಖುಷಿಯಾಗಬೇಕಿತ್ತು. ಅವಳು ಸಂಜೆ ಬಂದು ಸುಮ್ಮನೆ ಬೀನ್ಸ್ ನಾರು ತೆಗೆಯುವುದನ್ನು ನೋಡುತ್ತಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಇಷ್ಟು ವರ್ಷ ನನ್ನ ಮೊದಲ ಮಾತುಗಳಿಂದ ಯಾರ ಕೂದಲೂ ಕೊಂಕಿರಲಿಲ್ಲ. ಒಂದೇ ಒಂದು ಕೇಳಿಸಿದ್ದಕ್ಕೆ ಅವಳು ತನ್ನ ಆಸೆಯನ್ನು ಮೂಟೆ ಕಟ್ಟಿ ಮೇಲಿಟ್ಟಿದ್ದಳು. ಜಗಳವಾಡಿದ್ದರೆ ನನಗೆ ಸುಲಭವಿತ್ತು. ಅವಳು ಜಗಳವಾಡಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ನಾನು ಹೆರಿಗೆ ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗೆ ಬಾಣಂತಿಯರ ಕಡೆಯವರು ಫ್ಲಾಸ್ಕು, ಬುಟ್ಟಿ ಹಿಡಿದು ಕೂತಿದ್ದರು. ಅವರ ಮಧ್ಯೆ ಜಾಗ ಮಾಡಿಕೊಂಡು ಕೂತೆ. ವಾರಿಜ ಟ್ರೇ ಹಿಡಿದು ಹೊರಬಂದವಳು ನನ್ನನ್ನು ನೋಡಿ ಗಾಬರಿಯಾಗಿ ಹತ್ತಿರ ಬಂದಳು. ಯಾರಿಗೇನಾಯಿತೋ ಎಂದು.

ನಾನು ಎದ್ದು ನಿಂತು ಬಾಯಿ ತೆರೆದೆ. ಅವಳು ಪದ್ಧತಿಯಂತೆ ನೆಲ ನೋಡಿದಳು. ನಾನು ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನಾಚಿ ಆಕಡೆ ತಿರುಗಿದಳು. ನನ್ನ ತುಟಿ ಅಲ್ಲಾಡುವುದನ್ನು ಪೂರ್ತಿ ನೋಡಲಿ ಎಂದು ನಿಧಾನವಾಗಿ ಮೊದಲ ಮಾತು ಆಡಿದೆ. ಆಮೇಲೆ ಅದೇ ಮಾತನ್ನು ಎರಡನೇ ಸಲ, ಅಕ್ಷರ ವ್ಯತ್ಯಾಸವಿಲ್ಲದೆ ಆಡಿದೆ.

"ನೀನು ಹೋಗೋದು ನಂಗಿಷ್ಟ ಇಲ್ಲ. ನೀನಿಲ್ದೆ ನಂಗೆ ಕಷ್ಟ ಆಗುತ್ತೆ. ಆದ್ರೂ ನೀನು ಹೋಗ್ಬೇಕು. ನನ್ನ ಕಷ್ಟ ನಾನು ನೋಡ್ಕೋತೀನಿ, ಅದು ನಿನ್ನ ಕೆಲಸ ಅಲ್ಲ. ನಾಳೆ ಆರಕ್ಕೆ ಚೌಕಿ ಹತ್ರ ಬಾ."

ನಮ್ಮೂರಲ್ಲಿ ಎರಡು ಸಲವೂ ಒಂದೇ ಮಾತು ಆಡುವವರು ತೀರ ಕಡಿಮೆ. ಒಳಗಿನಿಂದ ಯಾರೋ ಸಿಸ್ಟರ್ ಎಂದು ಕರೆದರು. ಅವಳು ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿಲ್ಲದೆ, ಭುಜಕ್ಕೆ ಮುಖ ಒತ್ತಿಕೊಂಡು ಒಳಗೆ ಹೋದಳು. ನಾನು ಫ್ಲಾಸ್ಕಿನವರಿಗೆ ಜಾಗ ಬಿಟ್ಟುಕೊಟ್ಟು ಮನೆಗೆ ಬಂದೆ.

ಮಾರನೇ ದಿನ ಅವಳು ನನಗಿಂತ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿದ್ದಳು.

ಎರಡನೇ ಬಾರಿ ಪರೀಕ್ಷೆಗೆ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಮೂರೂವರೆ ಗಂಟೆ. ಅವಳು ಒಳಗೆ ಹೋದ ಮೇಲೆ ಎದುರಿನ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲೊಬ್ಬ ಬೀಡಿ ಸೇದುತ್ತಿದ್ದ. ನಾನು ರೂಢಿಯಲ್ಲಿ, "ಹೊಗೆಯೆಲ್ಲಾ ನನ್ನ ಮುಖಕ್ಕೇ ಬಿಡ್ತಾ ಇದಾನೆ, ಕತ್ತೆ" ಎಂದುಬಿಟ್ಟೆ. ಬೈಸಿಕೊಳ್ಳಲು ಸಿದ್ಧಳಾದೆ. ಅವನು, "ಓ, ಗೊತ್ತಾಗ್ಲಿಲ್ಲ ಅಮ್ಮ" ಎಂದು ಎದ್ದು ಆಚೆ ತುದಿಗೆ ಹೋಗಿ ಕೂತ. ಕತ್ತೆ ಎಂದದ್ದಕ್ಕೆ ಕೋಪವನ್ನೂ ಮಾಡಿಕೊಳ್ಳಲಿಲ್ಲ. ಈ ಜನ ದಿನವಿಡೀ ಹೀಗೇ ಒಬ್ಬರದೊಬ್ಬರು ಕೇಳಿಸಿಕೊಂಡು, ಸಂಜೆ ಮನೆಗೆ ಹೋಗಿ ಉಂಡು ಮಲಗುತ್ತಾರಲ್ಲ ಎಂದು ನನಗೆ ಅವರ ಮೇಲೆ ಗೌರವ ಬಂತು.

ಎರಡು ಗಂಟೆಗೆ ವಾರಿಜ ಹೊರಬಂದಳು. ರಸ್ತೆ ದಾಟುವಾಗಲೇ ಮಾತು ಶುರು.

"ಒಂದು ತಪ್ಪೋಯ್ತು ಅತ್ತೆ, ಇಪ್ಪತ್ಮೂರನೇದು. ಏನೋ ಗಿಡದ ಹೆಸರು. ಗೆರೆ ಎಳ್ದು ಮುಂದಕ್ಕೆ ಹೋದೆ."

"ಮಾತಾಡೋದು?"

"ಈ ಸಲ ಹೆಂಗಸು. ದಿನಾ ನಡೆಯೋ ಒಂದು ದಾರಿ ಬಗ್ಗೆ ಹೇಳು ಅಂತ ಚೀಟಿ ಬಂತು. ಗಡಿಕಲ್ಲಿಂದ ಚೌಕಿಗೆ ಇಪ್ಪತ್ತು ಹೆಜ್ಜೆ ಇದೆಯಲ್ಲ, ಅದನ್ನೇ ಹೇಳ್ತಾ ಹೋದೆ. ಎರಡು ನಿಮಿಷ ಆದ್ರೂ ನಿಲ್ಲಿಸ್ಲಿಲ್ಲ. ಅವರೇ ಕೈ ತೋರ್ಸಿ ನಿಲ್ಲಿಸಿದ್ರು."

"ಟೈ ಗೀ ಅಂತ ಏನಾದ್ರೂ ಅಂದ್ಯಾ?"

"ಅಂದೆ. ನಿಮ್ಮ ಓಲೆ ಚೆನ್ನಾಗಿದೆ ಅಂದೆ. ಅದು ಬಾಯ್ತಪ್ಪಿ ಬಂದಿದ್ದಲ್ಲ, ಬೇಕಂತಲೇ."

ಕೇಳುವುದರಲ್ಲಿ ಏಳೂವರೆ ಬಂತು. ಮಾತಾಡುವುದರಲ್ಲಿ ಸರಿಯಾಗಿ ಏಳು. ಮುರಳೀಧರ ಅಂಗಡಿಯಲ್ಲಿದ್ದ ಹುಳಿ ಪೆಪ್ಪರಮಿಂಟಿನ ಡಬ್ಬಿಯನ್ನು ಬಂದ ಗಿರಾಕಿಗಳಿಗೆಲ್ಲ ಹಂಚಿ ಖಾಲಿ ಮಾಡಿದ. ಆರು ತಿಂಗಳಿಗೆ ಕಾಗದಪತ್ರವೆಲ್ಲ ಬಂದು ಅವಳು ಹೊರಟಳು. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಹೆರಿಗೆ ಆಸ್ಪತ್ರೆಯವರೆಲ್ಲ ಬಂದು ಒಬ್ಬೊಬ್ಬರೂ ಎರಡೆರಡು ಮಾತಾಡುವಷ್ಟರಲ್ಲಿ ಬಸ್ಸು ತಡವಾಗಿ, ಡ್ರೈವರ್ ಹಾರನ್ ಒತ್ತಿ ಹಿಡಿದ. ನಾನು ಅಲ್ಲಿ ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನೆಲ್ಲ ಬೆಳಿಗ್ಗೆ ಆರಕ್ಕೇ ಚೌಕಿಯಲ್ಲಿ ಹೇಳಿ ಮುಗಿಸಿದ್ದೆ. ಅದು ಬರೆಯುವಂಥದ್ದಲ್ಲ.

ಅವಳ ಫೋನು ಊರೊಳಗೆ ಬಂದರೆ ಅವಳೂ ಎಲ್ಲವನ್ನೂ ಎರಡೆರಡು ಸಲ ಹೇಳಬೇಕು. ಅಲ್ಲಿ ಪಕ್ಕದಲ್ಲಿರುವವರು ಏನೆಂದುಕೊಂಡಾರು? ಅದಕ್ಕೇ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಚೌಕಿಗೆ ಹೋಗಿ ಕೂರುವುದು, ಅವಳಿಗೆ ಮಧ್ಯಾಹ್ನವಾಗಿರುತ್ತದೆ, ಆಗ ಮಾತಾಡುವುದು ಎಂದು ನಿಶ್ಚಯವಾಯಿತು. ಮುರಳೀಧರನದು ಶನಿವಾರ. ಅವನಿಗೆ ಊರೊಳಗೇ ಸರಿ, ಗಂಡನಿಗಾಗಿ ಅವಳು ಕೋಣೆ ಬಾಗಿಲು ಹಾಕಿಕೊಂಡು ಎರಡೆರಡು ಸಲ ಹೇಳುತ್ತಾಳೆ. ಅವನು ಹೇಗೂ ಮಾತಾಡುವುದಿಲ್ಲ, ಕೇಳುತ್ತಾನೆ.

ಮೂರನೇ ಭಾನುವಾರ ಅವಳು ಹೇಳಿದಳು. ಹಿಂದಿನ ದಿನ ಮಧ್ಯಾಹ್ನ ಹೆರಿಗೆ ಕೋಣೆಯಲ್ಲಿ ಅವಳಿಗೆ ಮೊದಲ ಕೆಲಸ. ಹೆಣ್ಣು ಮಗು.

"ಕೇಳಿಸ್ತಾ, ಮೊದಲನೇದು?" ಎಂದೆ.

"ಕೇಳಿಸ್ತು ಅತ್ತೆ. ಅಂಥಾ ದೊಡ್ಡದೇನಲ್ಲ. ಬೆಕ್ಕಿನ ಮರಿ ಥರ. ಸ್ವಲ್ಪ ಸಿಟ್ಟು ಬಂದಿರೋ ಬೆಕ್ಕಿನ ಮರಿ." ಆಮೇಲಿನದನ್ನೂ ಹೇಳಿದಳು: "ನಾನು ಮಗೂನ ಒರೆಸ್ತಾ ಹಾಗೇ ನಿಂತ್ಬಿಟ್ಟೆ. ಅಲ್ಲಿನ ಹಿರಿ ಸಿಸ್ಟರು ಬಂದು ನನ್ನ ಕೈಯಿಂದ ತಗೊಂಡ್ರು. ಆಮೇಲೆ ಬಟ್ಟೆ ಇಡೋ ಕೋಣೆಗೆ ಹೋಗಿ ಅತ್ಬಿಟ್ಟೆ. ಈಗ ಸರಿ ಹೋಗಿದೀನಿ."

ಅದಾದ ಮೇಲೆ ವಾರ ವಾರ ಸಣ್ಣಪುಟ್ಟ ಸುದ್ದಿ. ಅಲ್ಲಿನ ಚಳಿ, ಬಸ್ಸು, ಬೆಂಡೆಕಾಯಿ ಸಿಗದಿರುವುದು. ನನ್ನನ್ನು ನೋಡಿ ಕೇರಿಯ ಇನ್ನಿಬ್ಬರು ಭಾನುವಾರ ಚೌಕಿಗೆ ಬರಲು ಶುರುಮಾಡಿದರು. ಒಬ್ಬಾಕೆಯ ತಂಗಿ ಬೇರೆ ಊರಿನಲ್ಲಿದ್ದಳು, ಇನ್ನೊಬ್ಬರ ಮಗಳು ಹಾಸ್ಟೆಲಿನಲ್ಲಿ. ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ಮಾತಾಡುವೆವು.

ಕಾರ್ತಿಕ ಮಾಸದ ಒಂದು ಭಾನುವಾರ ಅವಳು ಮಾತಿನ ನಡುವೆ ಕೂದಲು ಕತ್ತರಿಸಿಕೊಂಡೆ ಎಂದಳು. ಭುಜದವರೆಗೆ. ಉದ್ದ ಕೂದಲು ಆಸ್ಪತ್ರೆಯ ಟೋಪಿಯೊಳಗೆ ಕೂರುವುದಿಲ್ಲ, ಒಣಗುವುದಿಲ್ಲ, ಅದಕ್ಕೆ.

"ಯಾರನ್ನ ಕೇಳಿ ಕತ್ತರಿಸ್ದೆ?" ಎಂದೆ.

"ಯಾರನ್ನ ಕೇಳ್ಬೇಕು ಅತ್ತೆ? ನನ್ನ ಕೂದಲು."

"ನಿನ್ನ ಕೂದಲಾ? ಹದಿನೇಳು ವರ್ಷ ವಾರಕ್ಕೊಂದ್ಸಲ ಎಣ್ಣೆ ಹಚ್ಚಿದೋರು ಯಾರು?"

"ನಾನು ಹಚ್ಚಿ ಅಂದಿದ್ನಾ? ಅಷ್ಟು ಬಿಸಿ ಎಣ್ಣೆ! ನೆತ್ತಿ ಸುಟ್ಟೋಗ್ತಿತ್ತು. ಹೇಳಕ್ಕಾಗ್ತಿತ್ತಾ ನಿಮ್ಗೆ?"

"ಹೇಳ್ಬೇಕಿತ್ತು!"

"ಹೇಳ್ತಾನೇ ಇದ್ದೆ! ಪ್ರತಿ ಸಲಾನೂ ಹೇಳ್ತಾನೇ ಇದ್ದೆ!"

"ಎರಡನೇ ಸಲ ಹೇಳ್ಬೇಕಿತ್ತು!"

"ನೀವೂ ಅಷ್ಟೇ! ನನ್ನ ಸಾರು ನಿಮಗೆ ಸೇರಲ್ಲ ಅಂತ ನಂಗೇನು ಗೊತ್ತಾಗಲ್ವಾ?"

"ಹೌದು ಸೇರಲ್ಲ! ಹುಳಿ ಜಾಸ್ತಿ!"

ನನ್ನ ಧ್ವನಿ ಅಷ್ಟು ಎತ್ತರಕ್ಕೆ ಹೋಗಿದ್ದನ್ನು ನಾನೇ ಎಂದೂ ಕೇಳಿರಲಿಲ್ಲ. ಹಿಂದೆ ಬೆನ್ನು ಮಾಡಿ ಕೂತಿದ್ದ ಇಬ್ಬರೂ ತಮ್ಮ ಫೋನನ್ನು ಕಿವಿಯಿಂದ ತೆಗೆದು ತಿರುಗಿ ನೋಡಿದರು. ಅವಳು ಫೋನ್ ಇಟ್ಟಳೋ ನಾನು ಇಟ್ಟೆನೋ ಗೊತ್ತಿಲ್ಲ. ಮನೆಗೆ ಬಂದು ಮುರಳೀಧರನಿಗೆ ಹೇಳಿದರೆ ಅವನು ನಗು ತಡೆಯಲು ಕೆಮ್ಮಿದ.

ಎರಡು ದಿನ ನಾನು ಅವಳ ಮೇಲೆ ಸಿಟ್ಟಾಗಿದ್ದೆ. ಬುಧವಾರದ ಹೊತ್ತಿಗೆ ನನ್ನ ಮೇಲೆ ಸಿಟ್ಟಾದೆ. ಶುಕ್ರವಾರ, ಅವಳು ಇನ್ನು ಫೋನು ಮಾಡದಿದ್ದರೆ ಎಂದು ಹೆದರಿಕೆ ಹಿಡಿಯಿತು. ಶನಿವಾರ ಮಗನ ಜೊತೆ ಮಾತಾಡಿದಳು, ನನ್ನ ಸುದ್ದಿ ಎತ್ತಲಿಲ್ಲವಂತೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯದೆ ಆರೂವರೆಗೇ ಹೋಗಿ ಬೆಂಚಿನ ಮೇಲೆ ಕೂತೆ. ಬೇರೆ ಯಾರೂ ಬಂದಿರಲಿಲ್ಲ. ಕಲ್ಲು ಇನ್ನೂ ತಣ್ಣಗಿತ್ತು. ಫೋನನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತೆ.

ಏಳಕ್ಕೆ ಬರಬೇಕಾಗಿದ್ದ ಫೋನು ಆರು ನಲವತ್ತಕ್ಕೇ ಬಂತು.